ಬಾಚಣಿಕೆಯ ಲೆಕ್ಕ

ಭಾಗ್ಯನಗರದ ಕೂದಲ ಗೋದಾಮಿನಲ್ಲಿ
ನಾನು ತೂಕ ಬರೆಯುವವನು.
ತಗಡಿನ ಮಾಡಿನ ಕೆಳಗೆ ನಲವತ್ತು ಮಂದಿ ಹೆಂಗಸರು
ಊರೂರ ತಲೆಗಳ ಸಿಕ್ಕು ಬಿಡಿಸುತ್ತ ಕೂತಿರುತ್ತಾರೆ.
ಎಂಟು ಇಂಚಿನದು ಈ ಕಡೆ, ಹನ್ನೆರಡರದು ಆ ಕಡೆ,
ಬಿಳಿಯದು ಬೇರೆ, ಅದಕ್ಕೆ ದರ ಕಡಿಮೆ.
ಮುಪ್ಪಿಗೆ ಎಲ್ಲ ಪೇಟೆಯಲ್ಲೂ ಅಷ್ಟೇ ಮರ್ಯಾದೆ.

ಇದು ಹೊರಟದ್ದು ಯಲಬುರ್ಗಾದ ಕಡೆ
ಯಾವುದೋ ಜಂತಿಯ ಸಂದಿಯಿಂದ,
ಬಾಚಿ, ಬೆರಳಿಗೆ ಸುತ್ತಿ, ಸಿಕ್ಕಿಸಿಟ್ಟ ಉಂಡೆ.
ಸೈಕಲ್ಲಿನವನು ಕೂಗುತ್ತಾನೆ:
ಕೂದಲಕ್ಕ ಪಿನ್ನಾ! ಕೂದಲಕ್ಕ ಪುಗ್ಗಾ!
ಅಲ್ಲಿ ರೂಪಾಯಿ ಇನ್ನೂ ಹುಟ್ಟಿಲ್ಲ.
ಕೊಡು, ಕೊಳ್ಳು, ನಡುವೆ ಒಂದಿಷ್ಟು ಜಗಳ.
ನಮ್ಮವ್ವನ ಕಾಲಕ್ಕೆ ಅಷ್ಟೇ ಉಂಡೆಗೆ
ಸ್ಟೀಲಿನ ಚಮಚೆ ಬರುತ್ತಿತ್ತಂತೆ,
ಈಗ ಒಂದು ಪುಗ್ಗಾ, ಅದೂ ಊದಿದರೆ ಒಡೆಯುವಂಥದು.
ಹಣದುಬ್ಬರ ಅಂದರೇನು ಎಂದು ಕೇಳಿದ ಮಗಳಿಗೆ
ಇದನ್ನೇ ಹೇಳಿದೆ.
ಪುಸ್ತಕದಾಗ ಹಂಗಿಲ್ಲಪ್ಪಾ, ಅಂದಳು.

ಅವಳದು ಪಿಯುಸಿ, ಎರಡನೇ ವರ್ಷ.
ರಾತ್ರಿ ಗಟ್ಟಿಯಾಗಿ ಓದುತ್ತಾಳೆ:
ಯಾವ ದೇಶಕ್ಕೆ ಯಾವುದು ಸುಲಭವೋ
ಆ ದೇಶ ಅದನ್ನೇ ಮಾಡಿ ಮಾರುವುದು ಲಾಭಕರ.
ನನ್ನಜ್ಜ ಇದೇ ಓಣಿಯಲ್ಲಿ ಸೀರೆ ನೇಯುತ್ತಿದ್ದ.
ಕುಣಿಮಗ್ಗದ ಕುಣಿ ಈಗಲೂ ಇದೆ,
ಅದರೊಳಗೆ ಕೂದಲ ಚೀಲ ಒಟ್ಟಿದ್ದೇವೆ.
ಎಳೆ ಬಲ್ಲ ಬೆರಳು ಮಾತ್ರ ಹಾಗೇ ಉಳಿದವು.
ಸುಲಭ ಅಂದರೆ,
ಬೇರೆಯದೆಲ್ಲ ಹೋದ ಮೇಲೆ ಉಳಿದದ್ದೇ?

ಹೋದ ವರ್ಷ ಎಲ್ಲೋ ಗಡಿಯ ಗೇಟು ಮುಚ್ಚಿದರು.
ಸಾಹುಕಾರ ವಿರೂಪಣ್ಣ ಫೋನು ಕಿವಿಗಿಟ್ಟು ಅಂಗಳಕ್ಕೆ ಹೋದ,
ಬಂದವನೇ ಫ್ಯಾನು ಆರಿಸಿದ.
ಮೂರು ವಾರ ದಬ್ಬಣಗಳು ಡಬ್ಬಿಯಲ್ಲೇ.
ಮಾಬುಬಿ ಕೇಳಿದಳು:
ಅಲ್ಲಿ ಮಂದೀಗೆ ಈಗ ತಲಿ ಬೋಳಿಲ್ಲೇನು?
ಬೇಡಿಕೆಯ ವಕ್ರರೇಖೆಗೆ
ಇಷ್ಟು ನೇರ ಪ್ರಶ್ನೆ ಯಾರೂ ಕೇಳಿರಲಿಕ್ಕಿಲ್ಲ.

ಆಮೇಲೆ ಡಾಲರ್ ಏರಿತೆಂದು ಅವನೇ ಎಲ್ಲರಿಗೂ ಮಿರ್ಚಿ ತರಿಸಿದ.
ರೂಪಾಯಿ ಬಿತ್ತಲ್ರಿ, ಅಂದೆ.
ಎರಡೂ ಒಂದ ಮಾತು, ತಿನ್ನು, ಅಂದ.
ತಿಂಗಳ ಕೊನೆಗೆ ಎಣ್ಣೆಯ ಪಾಕೀಟು ಹನ್ನೆರಡು ರೂಪಾಯಿ ಜಾಸ್ತಿ.
ಆ ಮಿರ್ಚಿ ಕರಿದ ತಾಳೆಣ್ಣೆಯೂ
ಹಡಗಿನಲ್ಲೇ ಬಂದದ್ದು.

ನಾಟಕ ಕಂಪನಿಯವನೊಬ್ಬ ವಿಗ್ಗು ತಂದು ತೋರಿಸಿದ.
ಡಬ್ಬಿಯ ಮೇಲೆ ಓದಲಾಗದ ಅಕ್ಷರ, ಬೆಲೆ ಒಂಬತ್ತು ಸಾವಿರ.
ಹುಲಿಗೆವ್ವ ಮೂಗಿಗೆ ಹಿಡಿದು
ಇದು ನಮ್ಮ ಕಡೇದ, ಅಂದಳು.
ಹೇಗೆ ಗೊತ್ತಾಯಿತೋ. ಬಹುಶಃ ಸುಳ್ಳು.
ಹೋದದ್ದು ಉಂಡೆ, ಬಂದದ್ದು ಜಡೆ.
ನಡುವಿನ ಅಂತರಕ್ಕೆ ಮಗಳ ಪುಸ್ತಕದಲ್ಲಿ ಒಂದು ಹೆಸರಿದೆ,
ಈ ನಲವತ್ತು ಮಂದಿಯ ಕೂಲಿ
ಅದರೊಳಗೆ ಎಷ್ಟನೇ ಎಳೆ, ಅದು ಬರೆದಿಲ್ಲ.

ನಿನ್ನೆ ಒಂದು ಉಂಡೆಯಿಂದ
ಒಣಗಿದ ಅಬ್ಬಲಿಗೆ ಹೂ ಉದುರಿತು.
ಹುಲಿಗೆವ್ವ ಅದನ್ನೂ ತಕ್ಕಡಿಯ ಮೇಲಿಟ್ಟಳು:
ಬರ್ಕೊ.
ಮುಳ್ಳು ಕದಲಲಿಲ್ಲ.
ನನ್ನ ಪುಸ್ತಕದ ಖಾನೆಗಳು ತೂಕ, ಉದ್ದ, ಬಣ್ಣ.
ತಾರೀಖು ಹಾಕಿ
ಪೆನ್ನು ಹಿಡಿದುಕೊಂಡೇ ಕೂತೆ,
ಹಿಂದೆ ಲಾರಿ ಹಾರನ್ ಹೊಡೆಯುತ್ತಿತ್ತು.