ಹೆಪ್ಪುಗಟ್ಟದ್ದು

ಗಾಜು ತೊಳೆಯುವುದು ನನ್ನ ಕೆಲಸ.
ಮಡಿಕೇರಿ ಕಾಲೇಜಿನ ಹಿಂಬದಿಯ ಲ್ಯಾಬಿನಲ್ಲಿ
ಇಪ್ಪತ್ತಾರು ವರ್ಷ ತೊಳೆದೆ,
ದೇಚಮ್ಮ ಮೇಡಂ ಜಿಡ್ಡು ಮಾಡಿಟ್ಟದ್ದನ್ನೆಲ್ಲ.
ಸೋಪು ಮುಟ್ಟಬೇಡ ಐತಪ್ಪ, ಸೋಪೂ ಕೊಬ್ಬಿನ ಪೈಕಿಯೇ,
ಕರೆಯದೆ ನನ್ನ ಲೆಕ್ಕದೊಳಗೆ ಬಂದು ಕೂರುತ್ತದೆ, ಅನ್ನೋರು.
ಹಾಗಾಗಿ ಆಸಿಡ್ಡು. ನನ್ನ ಬಲ ಹೆಬ್ಬೆರಳಿನ ಗುರುತು
ಆಧಾರ್ ಮೆಷಿನ್ನಿಗೆ ಇಂದಿಗೂ ಸಿಗುವುದಿಲ್ಲ.

ಅವರ ಪ್ರಶ್ನೆ ಒಂದೇ, ಅದೂ ಚಿಕ್ಕದು:
ಜನವರಿಯ ಹಾರಂಗಿ ನೀರಲ್ಲಿ
ಮೀನು ಯಾಕೆ ಸೆಟೆದುಹೋಗುವುದಿಲ್ಲ?

ನನಗೂ ತಿಳಿಯಲೆಂದು ಒಂದು ಬೆಳಿಗ್ಗೆ
ಮನೆಯಿಂದ ಪಾತ್ರೆ ತಂದು ಮೇಜಿನ ಮೇಲಿಟ್ಟರು.
ಹಿಂದಿನ ರಾತ್ರಿಯ ಹಂದಿ ಸಾರು.
ಮೇಲೆ ಬಿಳಿ ಹೆಪ್ಪು, ಊರಿದ ಚಮಚ ನಿಲ್ಲುವಷ್ಟು ಗಟ್ಟಿ.
ಪಕ್ಕದಲ್ಲಿ, ಟ್ಯೂಬಿನಲ್ಲಿ, ಮೀನಿನ ಕೊಬ್ಬು.
ಬಗ್ಗಿಸಿದರು. ಹರಿಯಿತು.
"ಇಷ್ಟೇ ನೋಡು, ಇದಕ್ಕೇ ನನಗೆ ಸಂಬಳ."
ಆಮೇಲೆ ಸಾರನ್ನು ಹೀಟರಿನ ಮೇಲೆ ಕಾಯಿಸಿ
ಕಡಂಬುಟ್ಟಿನ ಜೊತೆ ಇಬ್ಬರೂ ತಿಂದೆವು,
"ಇಲ್ಲಿ ತಿನ್ನಬಾರದು" ಎಂದು ನಾನೇ ಬರೆದ ಬೋರ್ಡಿನ ಕೆಳಗೆ.

ಪ್ರತಿ ಜೀವಕೋಶದ ಸುತ್ತ ಒಂದು ಪೊರೆಯಂತೆ.
ಪೊರೆಯೆಂದರೆ ಎರಡು ಸಾಲು ಮಂದಿ,
ಒಬ್ಬೊಬ್ಬರಿಗೂ ನೀರಿಗೆ ಹಾತೊರೆಯುವ ಒಂದು ತಲೆ,
ನೀರೆಂದರೆ ಓಡಿಹೋಗುವ ಎರಡು ಕಾಲು.
ತಲೆಗಳೆಲ್ಲ ಆಚೆ, ಕಾಲುಗಳೆಲ್ಲ ಒಳಗೆ.
ಅಂಟಿಲ್ಲ, ಮೊಳೆಯಿಲ್ಲ, ಯಾರೂ ಯಾರ ಕೈಯನ್ನೂ ಹಿಡಿದಿಲ್ಲ.
ಇಷ್ಟರ ಮೇಲೆ ನಾವು ನಿಂತಿದ್ದೇವೆ ಅಂದಾಗ
ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಚಳಿಗೆ ನೆಟ್ಟಗಿನ ಕಾಲಿನವರು
ಭಾಗಮಂಡಲದ ಕೊನೆ ಬಸ್ಸಿನವರ ಹಾಗೆ
ಒತ್ತೊತ್ತಿ ಬಿಗಿಯುತ್ತಾರೆ, ಕಂಡಕ್ಟರೂ ನುಸುಳಲಾರ.
ಆಗ ಮೀನು ಅಲ್ಲಲ್ಲಿ ಒಂದೊಂದು ಕಾಲನ್ನು
ಮಂಡಿಯಲ್ಲಿ ಮಡಚುತ್ತದೆ.
ಮಂಡಿ ಪಕ್ಕದವನಿಗೆ ತಾಗಿ, ಅವನು ಗೊಣಗಿ ಸರಿದು,
ಒಂದಿಷ್ಟು ಜಾಗ.

ಎಷ್ಟು ಮಂಡಿ, ಯಾವ ತಿಂಗಳು, ಎಲ್ಲಿ ಮಡಚಿದ್ದು,
ಇದನ್ನು ಎಣಿಸುತ್ತ ಅವರ ಕೂದಲು ಬಿಳಿಯಾಯಿತು.
ಗಾಜಿನ ಹಲಗೆ ಅಯೋಡಿನ್ ಹೊಗೆಯಲ್ಲಿ ನಿಂತು
ಹಳದಿ ಚುಕ್ಕೆ ಬಿಡುವಾಗ ಮಾತಾಡಿಸಿದರೆ ಬೈಯುತ್ತಿದ್ದರು.
ಕುಶಾಲನಗರದ ಮೊಯಿದು ತಿಂಗಳಿಗೊಮ್ಮೆ
ಮೊದಲ ಬಸ್ಸಿಗೆ ನೀರಿನ ಕ್ಯಾನು ಹತ್ತಿಸುತ್ತಿದ್ದ,
ಒಳಗೆ ಜೀವಂತ ಕಾಟ್ಲಾ.
ಲಿವರು ವಿಜ್ಞಾನಕ್ಕೆ, ಮಿಕ್ಕದ್ದು ನನ್ನ ಮನೆಗೆ.

ಗುಡ್ಡಗಳು ಜಾರಿದ ಆ ಆಗಸ್ಟಿನಲ್ಲಿ
ಕಾಲೇಜಿನ ಹಾಲ್ ತುಂಬ ಚಾಪೆ, ಮಕ್ಕಳು, ಕೆಸರಿನ ಕೊಡೆ.
ಕರೆಂಟಿಲ್ಲ. ಜನರೇಟರಿನ ಡೀಸೆಲ್ ಒಂದೇ ಕ್ಯಾನು.
ಫ್ರೀಜರಿನಲ್ಲಿ ಹದಿನಾಲ್ಕು ವರ್ಷ, ಮೈನಸ್ ಇಪ್ಪತ್ತರಲ್ಲಿ.
"ಹಾಲ್‌ಗೆ ಹಾಕು," ಅಂದರು.
ಎರಡು ಸಲ ಕೇಳಿದೆ.
ಎರಡನೇ ಸಲ ಅವರು ನನ್ನ ಮುಖ ನೋಡಲಿಲ್ಲ.

ಹನ್ನೊಂದನೇ ದಿನ ಬಾಗಿಲು ತೆರೆದಾಗ
ಹಳೇ ಪೇಂಟ್ ಡಬ್ಬಿಯ ವಾಸನೆ.
ನೂರಾ ನಲವತ್ತು ಟ್ಯೂಬು, ಒಂದೊಂದನ್ನೂ ಮೂಸಿ
ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು:
ಡಿಸೆಂಬರದ್ದು, ಜನವರಿಯದ್ದು ಮೊದಲು ಕೆಟ್ಟಿವೆ.
ಮೇ ತಿಂಗಳ ಮೀನು ಇನ್ನೂ ಪರವಾಗಿಲ್ಲ.
"ಮಡಚಿದ ಮಂಡಿಗೇ ಗಾಳಿ ಮೊದಲು ಬಾಯಿ ಹಾಕುವುದು."
ಅದು ಗೊತ್ತಿದ್ದ ವಿಷಯವಂತೆ, ಹೊಸದೇನಲ್ಲ.
ಕನ್ನಡಕ ಒರೆಸಿದರು. ಮತ್ತೆ ಒರೆಸಿದರು.
"ಮೊಯಿದುಗೆ ಫೋನ್ ಹಚ್ಚು. ರಸ್ತೆ ಇದೆಯಾ ಕೇಳು."

ರಿಟೈರಾಗುವ ಮೊದಲು ಒಂದು ಲೇಖನ ಬಂತು,
ಎಂಟು ಮೀನಿನದ್ದು.
ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ನನ್ನ ಹೆಸರಿದೆ, ಇನಿಷಿಯಲ್ ತಪ್ಪಾಗಿ.

ನೂರಾ ಮೂವತ್ತೊಂಬತ್ತು ಟ್ಯೂಬು ತೊಳೆದೆ.
ಒಂದು ನಮ್ಮ ಅಡುಗೆಮನೆಯಲ್ಲಿ, ಕಾಚಂಪುಳಿ ಶೀಷೆಯ ಹಿಂದೆ.
ಬಿಸಾಡಿ ಅನ್ನುತ್ತಾಳೆ ಹೆಂಡತಿ, ನಾರುತ್ತದೆ.
ನಾರುತ್ತದೆ ನಿಜ.
ಚಳಿಯ ಬೆಳಿಗ್ಗೆ ಕಿಟಕಿಗೆ ಹಿಡಿದು ಬಗ್ಗಿಸುತ್ತೇನೆ.
ಈ ವರ್ಷ, ಹೊರಡಲು ಸ್ವಲ್ಪ ಹೊತ್ತು ಹಿಡಿಯಿತು.