ಶಿರೂರಾಕಿ

ನಸುಕಿನ ಐದಕ್ಕ ನವನಗರದಾಗ
ನಮ್ಮ ಮೂರು ಒಲಿ ಹೊತ್ತತಾವ.
ಫೋನು ಹಿಟ್ಟಿನ ಡಬ್ಬಿಯ ಮುಚ್ಚಳದ ಮ್ಯಾಲ,
ಅದರ ಮಾರಿ ತುಂಬ ಜ್ವಾಳದ ಪುಡಿ;
ಮುಂದಿನ ಸಂಚಿಕೆಗೆ ಮೊಣಕೈಲೆ ಒತ್ತತೀನಿ.

ಸೊಸಿ ಹಚ್ಚಿಕೊಟ್ಟ ಪಾಡ್‌ಕಾಸ್ಟು.
ಯಾವಾಕಿಯೋ ಹುಡುಗಿ, ದನಿ ತೆಳು, ಮಾತು ಪುಸ್ತಕದ್ದು:
"ಮನೆತನದ ಹುಡುಕಾಟವನ್ನು ನಿಮ್ಮಿಂದಲೇ ಶುರು ಮಾಡಿ.
ಹೆಸರು, ಊರು, ಇಸವಿ.
ಗೊತ್ತಿಲ್ಲದ್ದನ್ನು ಖಾಲಿ ಬಿಡಿ, ಊಹೆಯಿಂದ ತುಂಬಬೇಡಿ."
ಕೈ ಹಿಟ್ಟಿನಾಗ, ಕಿವಿ ಅಕಿ ಕಡೆ.
ತಟ್ಟು, ತಿರುವು, ತಟ್ಟು.
ಮುನ್ನೂರು ರೊಟ್ಟಿ ಆಗೂದರಾಗ ಮೂರು ಸಂಚಿಕೆ,
ನಡುವ ಗಾದಿ ಮಾರವನ ಜಾಹೀರಾತು ಆರು ಸಲ.

ನಾನು: ಕಸ್ತೂರೆವ್ವ. ಊರು: ಹಳೇ ಬಾಗಲಕೋಟಿ.
ಇಸವಿ: ಶಾಲಿಯಾಗೊಂದು, ಆಧಾರಿನಾಗೊಂದು.
ಅಪ್ಪ: ಸಂಗನಬಸಪ್ಪ.
ಮುತ್ಯಾ: ಗದಿಗೆಪ್ಪ.
ಆಯಿ:

ಆಯಿಗೆ ಎಲ್ಲಾರೂ ಶಿರೂರಾಕಿ ಅಂತಿದ್ದರು.
ಓಣಿಯವರು, ನೆಗೆಣ್ಯಾರು, ಬಳಿಗಾರ ಸುದ್ದಾ.
ಮುತ್ಯಾ ಕರೀಬೇಕಾದರ ಕೆಮ್ಮತಿದ್ದ.

ನಾಕನೇ ಸಂಚಿಕೆ: "ಹಿರಿಯರನ್ನು ಕೇಳಿ.
ಅವರು ಸುಮ್ಮನಾದರೆ ನೀವೂ ಸುಮ್ಮನಿರಿ, ಕಾಯಿರಿ."
ದ್ಯಾಮವ್ವತ್ತಿ ಮುಂದ ಹೋಗಿ ಕುಂತೆ.
"ಅಕಿ ಪುಂಡಿಪಲ್ಲೆ ಮಾಡಿದರ ಹುಳಿ ನಾಲಿಗಿ ಬಿಡತಿರಲಿಲ್ಲ.
ಹೆಸರಾ? ಹೆಸರು ಯಾರು ಕೇಳ್ಯಾರ?"
ಸುಮ್ಮನಾದಳು. ಹುಡುಗಿ ಹೇಳಿದಂಗ ಕಾದೆ.
ಅತ್ತಿಗೆ ನಿದ್ದಿ ಹತ್ತಿತು.

ಆ ವರ್ಷ ಹೆಳವ ಬಂದ, ಎತ್ತಿನ ಮ್ಯಾಲಲ್ಲ, ಟಾಟಾ ಏಸಿನಾಗ.
ಅಂಗಳದಾಗ ಕಂಬಳಿ ಹಾಸಿ, ಉದ್ದನ ಪುಸ್ತಕ ಬಿಚ್ಚಿ
ಏಳು ತಲಿ ಒಂದ ಉಸರಿನಾಗ ಹೇಳಿದ,
ಎಲ್ಲಾ ಮೀಸಿ ಇದ್ದವರು.
"ಹೆಣಮಕ್ಕಳ ಹೆಸರು?"
"ಹುಟ್ಟಿದ ಮನಿ ಪುಸ್ತಕದಾಗ ಇರತಾವಬೇ."
"ಆ ಪುಸ್ತಕ ಯಾರ ಹಂತ್ಯಾಕ ಐತಿ?"
"ನಮ್ಮ ಕಾಕಾನ ಹಂತ್ಯಾಕ. ಅಂವ ಬರದಿಲ್ಲ.
ಕೊಟ್ಟ ಮನಿಯವರು ಬರಸತಾರ ಅಂತಾನ."
ಅರ್ಧ ಚೀಲ ಜ್ವಾಳ ಕೊಟ್ಟು ಕಳಿಸಿದೆ.
ಪಾಪ, ಅವನ ಅವ್ವನ ಹೆಸರು ಅವನ ಪುಸ್ತಕದಾಗ ಐತೋ ಇಲ್ಲೋ
ಕೇಳೂದು ಮರತೆ.

ಹನ್ನೊಂದನೇ ಸಂಚಿಕೆ ಕಾಗದದ್ದು.
ಹಿನ್ನೀರಿಗೆ ಹ್ವಾದ ಮನಿಗಳ ಕಾಗದ ಎಲ್ಲೆ ಅದಾವ ಅಂತ
ನಾಕು ಕಚೇರಿ ಹತ್ತಿಳದೆ, ಅರ್ಜಿ ಬರದೆ.
ಗುಮಾಸ್ತ ಕಡತ ಝಾಡಿಸಿ ಮುಂದಿಟ್ಟ:
ಮಣ್ಣಿನ ಮಾಳಗಿ, ಮೂರು ಅಂಕಣ.
ಸಾಗವಾನಿ ಚೌಕಟ್ಟು ಎರಡು. ಹಗೇವು ಒಂದು.
ಬೇವಿನ ಗಿಡ ಒಂದು, ಸುತ್ತಳತಿ ಐದು ಫೂಟು.
ಬೇವಿಗೂ ಬೆಲಿ ಕಟ್ಟಿದ್ದರು.
ಕೆಳಗ, ನೀಲಿ ಮಸಿಯಾಗ, ಎಡಗೈ ಹೆಬ್ಬಟ್ಟು.
ಬಾಜೂಕ: ನೀಲವ್ವ ಕೋಂ ಗದಿಗೆಪ್ಪ.

ಕುರ್ಚಿ ಇರಲಿಲ್ಲ. ನೆಲಕ್ಕ ಕುಂತೆ.

ಮುಂದಿನ ಹಾಳಿ, ರೊಕ್ಕ ಮುಟ್ಟಿದ್ದಕ್ಕ ಪಾವತಿ.
ಮತ್ತ ಅದ ಹೆಬ್ಬಟ್ಟು.
ಬಾಜೂಕ: ನಿಂಬೆವ್ವ ಕೋಂ ಗದಿಗೆಪ್ಪ.
ಎರಡರಾಗೂ ನಡುವ ಅಡ್ಡ ಒಂದು ಬಿಳಿ ಗೀಟು.
ಕುಡಗೋಲು ತಾಗಿದ ಕಲಿ ಇರಬೇಕು, ಕಣಕಿ ಕೊಯ್ಯುಮುಂದ...
ಇಲ್ಲ. ಊಹೆ ಬ್ಯಾಡ.
ಬಿಳಿ ಗೀಟು ಐತಿ, ಅಷ್ಟ.

"ಎರಡು ದಾಖಲೆ ಎರಡು ಮಾತು ಹೇಳಿದರೆ
ಎರಡನ್ನೂ ಬರೆದುಕೊಳ್ಳಿ. ಒಂದನ್ನು ಅಳಿಸಬೇಡಿ."
ಇದನ್ನ ಹುಡುಗಿ ಹೇಳಿದಾಗ ಬಸ್ಸಿನಾಗಿದ್ದೆ.
ಕಂಡಕ್ಟರನ ಹಂತ್ಯಾಕ ಪೆನ್ನು ಇಸಗೊಂಡು
ರೊಟ್ಟಿ ಲೆಕ್ಕದ ವಹಿಯಾಗ, ಉದ್ರಿ ಕೊಟ್ಟವರ ಕೆಳಗ
ಎರಡೂ ಬರದೆ. ಅವುಗಳ ಕೆಳಗ ಶಿರೂರಾಕಿ.

ಮರುದಿನ ನಸುಕಿನಾಗ
ಬಡದ ರೊಟ್ಟಿ ಮ್ಯಾಲ ಹೆಬ್ಬಟ್ಟು ಒತ್ತಿ ನೋಡಿದೆ.
ಗೆರಿ ಗೆರಿ ಚಂದ ಮೂಡಿತು.
ಹಂಚಿಗೆ ಹಾಕಿ ನೀರಿನ ಅರಬಿ ಸವರಿದ ಮ್ಯಾಲ
ಎಲ್ಲಾ ರೊಟ್ಟಿಯಂಗ ಅದೂ ಒಂದು ರೊಟ್ಟಿ.

ಎಂಟಕ್ಕ ಖಾನಾವಳಿ ಹುಡುಗ ಬಂದ, ಎಣಿಸಿದ.
"ಎರಡು ಜಾಸ್ತಿ ಅದಾವರಿ, ಕಸ್ತೂರೆವ್ವಾರ."
ಇರಲಿ, ಒಯ್ಯಿ ಅಂದೆ.