ನಮೂನೆ

ಬಾಟಲಿಯನ್ನು ಮೊದಲು ಅದೇ ನೀರಲ್ಲಿ
ಮೂರು ಸಲ ತೊಳೆಯಬೇಕು.
ಪ್ಲಾಸ್ಟಿಕ್ಕಿಗೆ ತನ್ನದೆಂಬ ನೆನಪಿರಬಾರದು,
ಒಳಗೆ ಹೊಳೆಯದೊಂದೇ ಇರಬೇಕು.
ಕೆಲಸಕ್ಕೆ ಸೇರಿದ ದಿನ ಕಲಿಸಿದ್ದು ಇಷ್ಟೇ.
ಮೂಗಿನ ವಿಷಯ ಯಾರೂ ಎತ್ತಲಿಲ್ಲ.

ನಾಯಂಡಹಳ್ಳಿಯಲ್ಲಿ ಬಕೆಟ್ಟಿಗೆ ಹಗ್ಗ ಕಟ್ಟಿ ಇಳಿಬಿಡುತ್ತೇನೆ.
ಮೊದಲು ನೊರೆ ಸಿಗುತ್ತದೆ, ಆಮೇಲೆ ನೀರು.
ಮೈಸೂರು ರಸ್ತೆಯ ಬಸ್ಸುಗಳ ಕಿಟಕಿ ಇಲ್ಲಿ
ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ;
ಸ್ಟಾಪಿನ ಹೆಸರು ಕೂಗುವುದೇ ಬೇಡ.

"ಇದು ಬಸವನಗುಡಿ ಬಸವನ ಕಾಲಡಿ ಹುಟ್ಟಿದ್ದಂತೆ, ಹೌದಾ ಮೇಡಂ?"
ಡ್ರೈವರ್ ಮುಕ್ತಿಯಾರ್ ಪ್ರತಿ ವಾರ ಕೇಳುತ್ತಾನೆ.
ಹೌದಂತೆ.
"ಅಲ್ಲಿಂದ ಇಲ್ಲಿಗೆ ಆಟೋದಲ್ಲಿ ಅರ್ಧ ಗಂಟೆ."
ಹೂಂ.
"ಅಷ್ಟರಲ್ಲೇ?"

ಫಾರಮ್ಮಿನಲ್ಲಿ ಜಲಮೂಲದ ಹೆಸರು ಎಂಬ ಗೆರೆಯಿದೆ.
ನನ್ನ ಹಿಂದಿನವರು ಕೆಂ. ಮೋರಿ ಎಂದು ಗೀಚಿ
ಊಟಕ್ಕೆ ಹೋಗುತ್ತಿದ್ದರು.
ನಾನು ವೃಷಭಾವತಿ ಎಂದು ಪೂರ್ತಿ ಬರೆಯುತ್ತೇನೆ.
ವಕಾರದ ಕೆಳಗೆ ವಟ್ರಸುಳಿ ತಿರುವುವಾಗ
ಈ ಹೊಳೆಯಲ್ಲಿ ದಿನಕ್ಕೆ ಒಂದಾದರೂ ಸುಳಿ ಏಳುತ್ತದೆ,
ನೀಲಿ ಇಂಕಿನದು.

ಉಸಿರು ನೋಡುವುದಕ್ಕೆ ಬೇರೆ ಸೀಸೆ.
ಎರಡು ದ್ರಾವಣ ಬಿಟ್ಟು, ಗಾಳಿ ಸೇರದಂತೆ ಮುಚ್ಚಿ, ಕುಲುಕಬೇಕು.
ನೀರಿಗೆ ಉಸಿರಿದ್ದರೆ ಕಂದು ಇಳಿಯುತ್ತದೆ,
ಬೆಲ್ಲ ಕದಡಿದ ಹಾಗೆ.
ಇಲ್ಲದಿದ್ದರೆ ಬಿಳಿ, ಅನ್ನ ಬಸಿದ ಗಂಜಿಯಂತೆ.
ನಾಲ್ಕು ವರ್ಷದಲ್ಲಿ ಕಂದು ಕಂಡದ್ದು ಒಂದೇ ಸಲ.
ಸೀಸೆ ಹಿಡಿದುಕೊಂಡು ಕುಣಿದುಬಿಟ್ಟೆ.
ತನ್ನ ಕುಡಿಯುವ ನೀರು ತುಂಬಿಕೊಟ್ಟಿದ್ದನಂತೆ ಮುಕ್ತಿಯಾರ್,
ತಮಾಷೆಗೆ.
ಅವತ್ತು ಅವನೊಡನೆ ಮಾತಾಡಲಿಲ್ಲ.

ಪೀಣ್ಯ ಎರಡನೇ ಹಂತ. ತಗಡಿನ ಶೆಡ್ಡು.
ಗಂಗಹನುಮಯ್ಯ ನಲ್ಲಿಗಳಿಗೆ ಹೊಳಪು ಹಾಕುತ್ತಾನೆ.
ಹಸಿರು ತೊಟ್ಟಿಯಲ್ಲಿ ಮುಳುಗಿಸಿ, ಹಳದಿ ತೊಟ್ಟಿಯಲ್ಲಿ ಎದ್ದರೆ
ಮಂಕು ಹಿತ್ತಾಳೆಯೂ ಮುಖ ತೋರಿಸುವ ಕನ್ನಡಿ.
ಅವನ ಎರಡು ಹೊಳ್ಳೆಗಳ ನಡುವೆ ತೂತು ಬಿದ್ದಿದೆ.
ಡಾಕ್ಟರು ಬೀಡಿ ಬಿಡು ಅಂದರಂತೆ.
ಅವನು ಸೇದುವವನಲ್ಲ.

"ಮಳೆ ಅಂದ್ರೆ ರೈತರಿಗಿಂತ ನಮ್ಮ ಓನರ್‌ಗೇ ಜೀವ, ಅಕ್ಕ.
ಮೋಡ ಕಟ್ಟಿದ್ರೆ ಫೋನು, ಹನಿ ಬಿದ್ರೆ ವಾಲ್ವು.
ರಾಜಕಾಲುವೆ ತುಂಬಿ ಹರಿಯೋವಾಗ
ಯಾರ ಬಣ್ಣ ಯಾರದು ಅಂತ ಯಾರಿಗೆ ಗೊತ್ತು?
ಮಂಗಳವಾರ ಮಾತ್ರ ಏನೂ ಬಿಡಲ್ಲ,
ಅವತ್ತು ನೀವು ಬರ್ತೀರ ಅಂತ ಸೋಮವಾರನೇ..."
ಅಷ್ಟಕ್ಕೆ ನಿಲ್ಲಿಸಿದ.
ನನ್ನ ಕೊರಳಲ್ಲಿ ಆಫೀಸಿನ ಕಾರ್ಡು ತೂಗುತ್ತಿತ್ತು.
ಫೋಟೋದಲ್ಲಿ ನಾನು ನಗುತ್ತಿದ್ದೇನೆ.

ವಾರಕ್ಕೊಮ್ಮೆ ಕಾಲುಂಗುರ ಕಪ್ಪಾಗುತ್ತದೆ.
ಅತ್ತೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಾರೆ,
"ನಿನ್ನ ಮೈಯ ಉಷ್ಣ ಕಣೇ" ಅನ್ನುತ್ತಾರೆ.
ಬೆಳ್ಳಿಗೆ ಹೊಳೆಯ ಗಾಳಿ ತಾಗುತ್ತದೆಂದು ಹೇಳಲು
ಯಾಕೋ ಬಾಯಿ ಬರುವುದಿಲ್ಲ.
ಅವರು ಹುಟ್ಟಿದ್ದು ಕೆಂಗೇರಿಯಲ್ಲಿ;
ಹತ್ತರ ವಯಸ್ಸಿನಲ್ಲಿ ಇದೇ ನೀರಲ್ಲಿ ಪಾತ್ರೆ ಬೆಳಗಿದ್ದು,
ಮೀನು ಬಂದು ಬೆರಳು ಕಚ್ಚುತ್ತಿದ್ದದ್ದು
ಹೇಳುತ್ತಲೇ ಉಂಗುರ ತಿಕ್ಕುತ್ತಾರೆ.

ಬರುವಾಗ ಚಿಕ್ಕತಾಯಮ್ಮನ ಹತ್ತಿರ ದಂಟಿನ ಸೊಪ್ಪು ಕೊಂಡೆ.
ಬೈರಮಂಗಲದ ಆಚೆಯಿಂದ ಬೆಳಗಿನ ಟೆಂಪೋದಲ್ಲಿ ಬರುವ ಕಟ್ಟು.
ಎಷ್ಟು ಹಸಿರು! ಎಲೆಗೊಂದು ತೂತಿಲ್ಲ,
ಹುಳವೂ ಒಲ್ಲೆ ಎಂದಿದೆ.
"ಯಾವ ನೀರಮ್ಮ?" ಅಂದೆ.
"ಹೊಳೆ ನೀರು ಕಣವ್ವ, ಇನ್ಯಾವುದು?
ನಿಮ್ಮೂರು ಬಿಟ್ಟಿದ್ದನ್ನೇ ನಿಮ್ಮೂರಿಗೆ ತಂದಿವ್ನಿ,"
ಎಂದು ಎರಡು ಕಂತೆ ಕೊಸರು ಹಾಕಿದಳು.

ಮನೆಯಲ್ಲಿ ಹೊಸ ನಲ್ಲಿ. ಥಳಥಳ.
ಅದರ ಬಾಗಿದ ಕೊರಳಲ್ಲಿ ನನ್ನ ಮುಖ ಉದ್ದವಾಗಿ ಜೋತುಬಿದ್ದಿದೆ.
ತಿರುವಿದರೆ ಕಾವೇರಿ, ನೂರು ಕಿಲೋಮೀಟರು ದೂರದಿಂದ ಏರಿ ಬಂದವಳು.
ಸೊಪ್ಪು ಹಿಡಿದೆ.

ಒಂದು. ಮಣ್ಣು ಬಿಟ್ಟಿತು.
ಎರಡು. ತಿಳಿಯಾಯಿತು.
ಮೂರು. ಬಣ್ಣ ಇಲ್ಲ. ವಾಸನೆ ಇಲ್ಲ.

ಒಲೆಯ ಮೇಲೆ ಎಣ್ಣೆ ಕಾದು ಹೊಗೆಯಾಡುತ್ತಿದೆ.
"ಸಾಕು ಬಿಡಮ್ಮ, ಹಸಿವು," ಅನ್ನುತ್ತಾಳೆ ಮಗಳು.

ನಾಲ್ಕನೇ ಸಲ ತೊಳೆಯುತ್ತಿದ್ದೇನೆ.